ಹಗುರವಾದ ಕ್ಯಾಮರಾ: ಸಂಘದ ಹಣ, ಸದಸ್ಯರ ಹೆಗಲು

(ಸಂಘದ ಮಾಸಿಕ ಸಭೆಯಲ್ಲಿ ಕ್ಯಾಮರಾ ಉಪಸಮಿತಿಯ ಪರವಾಗಿ ಮಾಡಿದ ಭಾಷಣ)



ಸಂಘಕ್ಕೆ ಒಂದು ಕ್ಯಾಮರಾ ಕೊಳ್ಳುವ ವಿಚಾರವನ್ನು ಪರಿಶೀಲಿಸಿ ವರದಿ ಒಪ್ಪಿಸಬೇಕೆಂದು ಕಾರ್ಯಕಾರಿ ಸಮಿತಿಯವರು ನಮ್ಮ ಮೂವರನ್ನು ನೇಮಿಸಿ ಎರಡು ತಿಂಗಳಾಯಿತು. ನಮ್ಮಲ್ಲಿ ಒಬ್ಬರು ಕಾರಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು, ಒಬ್ಬರು ಹೋಟೆಲಿನ ಗಲ್ಲಾದಲ್ಲಿ ಕೂರುವವರು, ಒಬ್ಬರು ಬ್ಯಾಂಕಿನ ಗುಮಾಸ್ತರು. ಛಾಯಾಚಿತ್ರ ಕಲೆಯ ಪಂಡಿತರು ಯಾರೂ ಅಲ್ಲ. ಆದರೆ ಈ ಎರಡು ತಿಂಗಳು ಶನಿವಾರದ ಮಧ್ಯಾಹ್ನಗಳನ್ನೆಲ್ಲ ನಾವು ಫೋರ್ಟಿನ ಬೋರಾ ಬಜಾರದ ಕ್ಯಾಮರಾ ಅಂಗಡಿಗಳಲ್ಲಿ ಕಳೆದಿದ್ದೇವೆ. ಗೊತ್ತಿರುವವರನ್ನು ಕೇಳಿದ್ದೇವೆ, ಓದಬೇಕಾದುದನ್ನು ಓದಿದ್ದೇವೆ, ನಮ್ಮೊಳಗೇ ಜಗಳವಾಡಿದ್ದೇವೆ. ಆ ಜಗಳ ಇನ್ನೂ ಪೂರ್ತಿ ಮುಗಿದಿಲ್ಲ. ಅದನ್ನೂ ತಮ್ಮ ಮುಂದೆ ಇಡುತ್ತೇವೆ.

ಮೊದಲು ಕ್ಯಾಮರಾ ಏಕೆ ಎಂಬ ಮಾತು. ಕಳೆದ ಮಳೆಗಾಲದಲ್ಲಿ ನಮ್ಮ ಹಿರಿಯ ಸದಸ್ಯರೊಬ್ಬರು ತೀರಿಕೊಂಡದ್ದು ತಮಗೆಲ್ಲ ತಿಳಿದೇ ಇದೆ. ನಮ್ಮ ರಾತ್ರಿಶಾಲೆಯ ಬೀಗದ ಕೈ ಎಷ್ಟೋ ವರ್ಷ ಅವರ ಸೊಂಟದಲ್ಲಿಯೇ ಇತ್ತು. ಪಾಳಿ ಮುಗಿಸಿ ನೇರವಾಗಿ ಶಾಲೆಗೆ ಬಂದು, ದೀಪ ಹಾಕಿ, ಹಲಗೆ ಒರೆಸಿ, ಮಕ್ಕಳು ಬರುವ ತನಕ ಬಾಗಿಲಲ್ಲಿ ನಿಂತಿರುತ್ತಿದ್ದರು. ಶ್ರದ್ಧಾಂಜಲಿ ಸಭೆಗೆ ಅವರ ಭಾವಚಿತ್ರ ಬೇಕಾಯಿತು. ಸಂಘದಲ್ಲಿ ಹುಡುಕಿದೆವು, ಮನೆಯಲ್ಲಿ ಹುಡುಕಿಸಿದೆವು. ಕೊನೆಗೆ ಒಂದು ಸಮೂಹ ಚಿತ್ರದ ಮೂರನೆಯ ಸಾಲಿನಲ್ಲಿದ್ದ ಅವರ ಮುಖವನ್ನು ಕತ್ತರಿಸಿ, ದೊಡ್ಡದು ಮಾಡಿಸಿ, ಹಾರ ಹಾಕಿದೆವು. ಕಣ್ಣು, ಮೂಗು ಯಾವುದೂ ಸ್ಪಷ್ಟವಿರಲಿಲ್ಲ. ಅವರ ಮಗಳು ಅದರ ಮುಂದೆ ಸ್ವಲ್ಪ ಹೊತ್ತು ನಿಂತು, "ಇದು ಅಪ್ಪನ ಹಾಗೆ ಕಾಣುವುದಿಲ್ಲ" ಎಂದರು. ಬೇರೇನೂ ಹೇಳಲಿಲ್ಲ. ಆದರೆ ಆ ಮಾತು ನಮ್ಮನ್ನು ಬಿಡಲಿಲ್ಲ.

ಇದು ಒಬ್ಬರ ವಿಷಯವಲ್ಲ. 1982ರ ಜನವರಿಯಲ್ಲಿ ಮುಂಬಯಿಯ ಗಿರಣಿ ಮುಷ್ಕರ ಆರಂಭವಾದಾಗ ನಮ್ಮ ಸಂಘದ ಎಷ್ಟೋ ಸದಸ್ಯರು ಗಿರಣಿಗಳಲ್ಲಿದ್ದರು. ಆ ಕಾಲದ ಠರಾವಿನ ಪುಸ್ತಕ ನಮ್ಮ ಕಪಾಟಿನಲ್ಲಿದೆ. ಅಕ್ಕಿ ಹಂಚಿದ ಲೆಕ್ಕವಿದೆ, ವಂತಿಗೆಯ ಪಾವತಿಗಳಿವೆ. ಚಿತ್ರ ಒಂದೂ ಇಲ್ಲ. ಅಕ್ಕಿ ತೆಗೆದುಕೊಂಡವರ ಹೆಸರಿದೆ, ಮುಖವಿಲ್ಲ. ಅಂದು ಇದ್ದವರಲ್ಲಿ ಇಂದು ನಮ್ಮ ನಡುವೆ ಇರುವವರನ್ನು ಬೆರಳಲ್ಲಿ ಎಣಿಸಬಹುದು. ಅವರಲ್ಲಿ ನಾಲ್ವರು ಇಂದು ಈ ಸಭೆಯಲ್ಲಿಯೇ ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಅವರ ಚಿತ್ರಗಳನ್ನು, ಅವರು ಕೆಲಸ ಮಾಡಿದ ಕೈಗಳ ಚಿತ್ರಗಳನ್ನು, ಚಾಳಿನ ಅವರ ಖೋಲಿಗಳ ಚಿತ್ರಗಳನ್ನು ತೆಗೆದಿಡಬೇಕು. ನಮ್ಮ ಸಭೆ ಸಮಾರಂಭ, ಯಕ್ಷಗಾನ, ರಾತ್ರಿಶಾಲೆಯ ಹಳೆಯ ವಿದ್ಯಾರ್ಥಿಗಳ ಕೂಟ ಇವನ್ನೂ ಹಿಡಿದಿಡಬೇಕು. ಕ್ಯಾಮರಾ ಬೇಕಾದದ್ದು ಇದಕ್ಕೆ.

ಸದಸ್ಯರ ವಂತಿಗೆಯೂ ಕಳೆದ ವರ್ಷದ ಯಕ್ಷಗಾನದ ಉಳಿತಾಯವೂ ಸೇರಿ 70,000 ರೂಪಾಯಿ ನಮ್ಮ ಕೈಯಲ್ಲಿದೆ. ಇದು ಸಣ್ಣ ಹಣವಲ್ಲ. ಪಗಾರದಲ್ಲಿ ನೂರು, ಇನ್ನೂರು ಎಂದು ಉಳಿಸಿ ಕೊಟ್ಟವರ ಹಣ. ಅಂಗಡಿಯವರ ಲೆಕ್ಕದಲ್ಲಿ ಮಾತ್ರ ಇದು ನಡುವಿನ ದರ್ಜೆಯ ಹಣ. ದೊಡ್ಡ ಕ್ಯಾಮರಾಗಳ ಗಾಜಿನ ಕಪಾಟಿನ ಬಳಿಗೆ ನಮ್ಮನ್ನು ಅವರು ಕರೆದುಕೊಂಡು ಹೋಗಲಿಲ್ಲ.

ಇಲ್ಲಿ ಒಂದು ಪ್ರಶ್ನೆ ಬರುತ್ತದೆ. ಸಂಘದಲ್ಲಿ ಈಗಾಗಲೇ ಒಂದು ಕ್ಯಾಮರಾ ಇದೆಯಲ್ಲ? ಇದೆ. ವರ್ಷಗಳ ಹಿಂದೆ ಹಿತೈಷಿಯೊಬ್ಬರು ಅಭಿಮಾನದಿಂದ ಕೊಟ್ಟದ್ದು. ಅಂದಿನ ಕಾಲಕ್ಕೆ ಬೆಲೆಬಾಳುವ ವಸ್ತು. ಅದನ್ನು ನಾವು ಕಬ್ಬಿಣದ ಕಪಾಟಿನಿಂದ ಹೊರಗೆ ತೆಗೆದು, ಎದುರಿನ ಕಿರಾಣಿ ಅಂಗಡಿಯ ತಕ್ಕಡಿಯ ಮೇಲೆ ಇಟ್ಟೆವು. ಎರಡು ಲೆನ್ಸು, ಫ್ಲ್ಯಾಶು, ಚೀಲ ಸಮೇತ 3 ಕಿಲೋ 400 ಗ್ರಾಂ ತೂಗಿತು. ಅದನ್ನು ಯಾರು ಯಾವಾಗ ಒಯ್ದರು ಎಂದು ಬರೆಯುವ ವಹಿಯನ್ನು ತೆರೆದು ನೋಡಿದರೆ, ಇಷ್ಟು ವರ್ಷಗಳಲ್ಲಿ ಅದು ಹೊರಗೆ ಹೋದದ್ದು ನಾಲ್ಕೇ ಸಲ. ಕೊಟ್ಟವರ ಮನಸ್ಸಿನಲ್ಲಿ ದೋಷವಿಲ್ಲ, ಕ್ಯಾಮರಾದಲ್ಲಿಯೂ ದೋಷವಿಲ್ಲ. ಆದರೆ ಸಂಜೆ ಪಾಳಿ ಬಿಟ್ಟು, ದಾದರಿನಲ್ಲಿ ಗಾಡಿ ಬದಲಿಸಿ, ಬಾಗಿಲಲ್ಲಿ ಒಂದು ಕಾಲು ಊರಿ ಡೊಂಬಿವಲಿಗೆ ಹೋಗುವವನು ಹೆಗಲಿಗೆ ಮೂರೂವರೆ ಕಿಲೋ ಗಾಜನ್ನು ಹೊತ್ತು ನಿಲ್ಲುವುದು ಹೇಗೆ? "ಮುಂದಿನ ವಾರ ತರುತ್ತೇನೆ" ಎಂದು ಹೇಳುತ್ತಾ ಹೇಳುತ್ತಾ ಲೆನ್ಸಿನೊಳಗೆ ಬೂಷ್ಟು ಬೆಳೆಯಿತು. ಅದರ ಕಥೆಯನ್ನು ಮುಂದೆ ಹೇಳುತ್ತೇವೆ.

ಆದುದರಿಂದ ನಾವು ತೂಕದಿಂದಲೇ ಆರಂಭಿಸಿದೆವು. ಹಗುರ ಎಂಬುದನ್ನು ಶೋಕಿಯ ಮಾತೆಂದು ತಿಳಿಯಬಾರದು. ಇಂದು ಜಗತ್ತೆಲ್ಲ ಬಳಸುವ ಸಣ್ಣ ಕ್ಯಾಮರಾದ ಹುಟ್ಟೇ ಒಬ್ಬ ಕೆಲಸಗಾರನ ಏದುಸಿರಿನಿಂದ ಆದದ್ದು. ಆಸ್ಕರ್ ಬಾರ್ನಾಕ್ ಎಂಬಾತ ಜರ್ಮನಿಯ ವೆಟ್ಸ್ಲಾರ್ ಪಟ್ಟಣದ ಲೈಟ್ಸ್ ಕಾರಖಾನೆಯನ್ನು 1911ರಲ್ಲಿ ಸೇರಿದ ಯಂತ್ರ ಕುಶಲಿ. ಅವನಿಗೆ ಉಬ್ಬಸ. ಕಾಡುಮೇಡು ತಿರುಗಿ ಚಿತ್ರ ತೆಗೆಯುವ ಹಂಬಲ. ಅಂದಿನ ಕ್ಯಾಮರಾ ಎಂದರೆ ಗಾಜಿನ ಫಲಕಗಳ ದೊಡ್ಡ ಪೆಟ್ಟಿಗೆ. ಅದನ್ನು ಹೊತ್ತು ಏರು ಹತ್ತುವುದು ಅವನಿಂದ ಆಗುತ್ತಿರಲಿಲ್ಲ. ಸಿನೇಮಾದ 35 ಮಿಲಿಮೀಟರ್ ಫಿಲ್ಮನ್ನು ತೆಗೆದುಕೊಂಡು, ಸಿನೇಮಾದ ಒಂದು ಚೌಕದ ಬದಲು ಎರಡು ಚೌಕದ ಜಾಗವನ್ನು ಒಂದೇ ಚಿತ್ರಕ್ಕೆ ಕೊಟ್ಟು, ಅಂಗೈಯಲ್ಲಿ ಹಿಡಿಯುವಂಥ ಒಂದು ಕ್ಯಾಮರಾವನ್ನು 1914ರ ಹೊತ್ತಿಗೆ ಅವನು ಮಾಡಿಕೊಂಡ. ಮಹಾಯುದ್ಧ ಬಂದು ಹೋದ ಮೇಲೆ, 1925ರಲ್ಲಿ, ಅದು ಲೈಕಾ ಎಂಬ ಹೆಸರಿನಿಂದ ಪೇಟೆಗೆ ಬಂತು. ಅವನು ಇಟ್ಟ 36 ಮತ್ತು 24 ಮಿಲಿಮೀಟರ್ ಅಳತೆಯನ್ನೇ ಇಂದಿಗೂ ಅಂಗಡಿಯವರು ಫುಲ್ ಫ್ರೇಮ್ ಎಂದು ಕರೆಯುತ್ತಾರೆ. ನಮ್ಮ ನಿವೃತ್ತ ಫಿಟ್ಟರರಿಗೆ ಈ ಕಥೆ ಬಹಳ ಹಿಡಿಸಿತು. ಯಂತ್ರದ ಮುಂದೆ ಕೂತವನಿಗೇ ಯಂತ್ರದ ಭಾರ ತಿಳಿಯುವುದು ಎಂದು ಅವರ ವಾದ.

ಈಗ ಮುಖ್ಯ ವಿಷಯ. ಅಂಗಡಿಯಲ್ಲಿ "ಇದು ಹಗುರ" ಎಂದು ಕೈಗೆ ಕೊಡುವುದು ಬರಿಯ ಡಬ್ಬಿಯನ್ನು. ಚಿತ್ರ ತೆಗೆಯುವುದು ಡಬ್ಬಿಯೂ ಲೆನ್ಸೂ ಸೇರಿ. ಹಳೆಯ ಎಸ್‌ಎಲ್‌ಆರ್ ಕ್ಯಾಮರಾದ ಒಳಗೆ ಒಂದು ಕನ್ನಡಿ ಇರುತ್ತಿತ್ತು; ಲೆನ್ಸಿನ ಬೆಳಕನ್ನು ಮೇಲಕ್ಕೆ ತಿರುಗಿಸಿ ಕಣ್ಣಿಗೆ ತೋರಿಸಿ, ಗುಂಡಿ ಒತ್ತಿದೊಡನೆ ಟಪ್ಪೆಂದು ಮೇಲೇಳುತ್ತಿತ್ತು. ಹೊಸ ಬಗೆಯ ಕ್ಯಾಮರಾಗಳಲ್ಲಿ ಆ ಕನ್ನಡಿಯನ್ನೇ ತೆಗೆದುಬಿಟ್ಟಿದ್ದಾರೆ. ಅದಕ್ಕೇ ಅವಕ್ಕೆ ಮಿರರ್‌ಲೆಸ್ ಎಂದು ಹೆಸರು. ಕನ್ನಡಿ ಹೋದ ಮೇಲೆ ಡಬ್ಬಿ ತೆಳ್ಳಗಾಯಿತು, ನಿಜ. ಲೆನ್ಸು ತೆಳ್ಳಗಾಗಲಿಲ್ಲ. ಹಿಂದೆ ಫಿಲ್ಮು ಇರುತ್ತಿದ್ದ ಜಾಗದಲ್ಲಿ ಈಗ ಸೆನ್ಸರ್ ಎಂಬ ಬೆಳಕು ಹಿಡಿಯುವ ಬಿಲ್ಲೆ ಇದೆ. ಅದರ ಮೂಲೆಮೂಲೆಗೂ ಬೆಳಕು ಬೀಳುವಂತೆ ಲೆನ್ಸು ಮಾಡಬೇಕು. ಬಿಲ್ಲೆ ದೊಡ್ಡದಿದ್ದು ಬೆಳಕೂ ಹೇರಳವಾಗಿ ಬೇಕೆಂದರೆ ಗಾಜು ದೊಡ್ಡದಾಗಲೇಬೇಕು. ಒಂದು ಉದಾಹರಣೆ ಹೇಳುತ್ತೇವೆ. 2020ರಲ್ಲಿ ಬಂದ ಸೋನಿ ಆಲ್ಫಾ 7ಸಿ ಎಂಬ ಫುಲ್ ಫ್ರೇಮ್ ಕ್ಯಾಮರಾದ ತೂಕ 509 ಗ್ರಾಂ. ಕೇಳಿದರೆ ಹಗುರ. ಅದೇ ಕಂಪನಿ 2016ರಲ್ಲಿ ತಂದ, ಸಮಾರಂಭಗಳಿಗೆ ಬಳಸುವ 24ರಿಂದ 70ರ ವರೆಗಿನ ದೊಡ್ಡ ಝೂಮ್ ಲೆನ್ಸಿನ ತೂಕ 886 ಗ್ರಾಂ. ಕುದುರೆಗಿಂತ ಜೀನು ಭಾರ! ಬೆಲೆಯಂತೂ ನಮ್ಮ ವಂತಿಗೆಯನ್ನು ಮೀರಿ ಎಲ್ಲಿಯೋ ಇದೆ. ಹೀಗಾಗಿ ಫುಲ್ ಫ್ರೇಮಿನ ವಿಚಾರವನ್ನು ನಾವು ಮೊದಲನೆಯ ಶನಿವಾರವೇ ಕೈಬಿಟ್ಟೆವು.

ಹಾಗಾದರೆ ತೀರ ಸಣ್ಣ ಬಿಲ್ಲೆ ಸಾಲದೆ, ಎಲ್ಲರ ಜೇಬಿನಲ್ಲಿಯೂ ಮೊಬೈಲ್ ಇರುವಾಗ ಈ ಖರ್ಚೇಕೆ ಎಂದು ನಮ್ಮ ಯುವಕ ಸದಸ್ಯರು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ಹಗಲು ಬೆಳಕಿನಲ್ಲಿ, ಹತ್ತಿರದಿಂದ, ಮೊಬೈಲಿನ ಚಿತ್ರ ಚೆನ್ನಾಗಿಯೇ ಬರುತ್ತದೆ. ಚೌಪಾಟಿಗೆ ಹೋದ ದಿನದ ಚಿತ್ರಕ್ಕೆ ಸಂಘದ ಹಣ ಖರ್ಚು ಮಾಡಬೇಕಾಗಿಲ್ಲ. ಆದರೆ ನಮ್ಮ ಬದುಕು ನಡೆಯುವುದು ಕತ್ತಲಾದ ಮೇಲೆ. ಸಭೆಗಳು ರಾತ್ರಿ ಎಂಟಕ್ಕೆ, ಟ್ಯೂಬ್‌ಲೈಟಿನ ಕೆಳಗೆ. ಖೋಲಿಯಲ್ಲಿ ಒಂದೇ ಕಿಟಕಿ, ಅದರ ಆಚೆಗೆ ಇನ್ನೊಂದು ಗೋಡೆ. ಯಕ್ಷಗಾನದಲ್ಲಿ ವೇಷಧಾರಿ ಧೀಂಗಿಣ ಹಾಕುತ್ತಾನೆ, ನಾವು ಹತ್ತನೆಯ ಸಾಲಿನಲ್ಲಿರುತ್ತೇವೆ. ಇಂಥ ಕಡೆ ಮೊಬೈಲು ಕಡಿಮೆ ಬೆಳಕನ್ನು ತನ್ನ ಲೆಕ್ಕಾಚಾರದಿಂದ ತುಂಬಿಕೊಳ್ಳುತ್ತದೆ. ಮುಖಕ್ಕೆ ಮೇಣ ಬಳಿದಂತಾಗುತ್ತದೆ. ಎಪ್ಪತ್ತು ವರ್ಷದವರ ಸುಕ್ಕುಗಳನ್ನು ಅಳಿಸಿಹಾಕಿದ ಚಿತ್ರವನ್ನು ನಾವೇ ತೆಗೆದು ನೋಡಿದೆವು. ಮಗಳು ಹೇಳಿದ ಮಾತು ಮತ್ತೆ ನೆನಪಾಯಿತು.

ಬಿಲ್ಲೆಗಳ ಅಳತೆಯನ್ನು ಒಂದು ನಿಮಿಷ ಹೇಳಿ ಮುಗಿಸುತ್ತೇವೆ. ಫುಲ್ ಫ್ರೇಮಿನ ಕ್ಷೇತ್ರಫಲ 864 ಚದರ ಮಿಲಿಮೀಟರ್. ಅದಕ್ಕಿಂತ ಸಣ್ಣದು ಎಪಿಎಸ್-ಸಿ ಎಂಬುದು, ಸುಮಾರು 367. ಕ್ಯಾನನ್ ಕಂಪನಿಯದು ಸ್ವಲ್ಪ ಕಡಿಮೆ, 332ರಷ್ಟು. ಅದಕ್ಕಿಂತ ಸಣ್ಣದು ಮೈಕ್ರೋ ಫೋರ್ ಥರ್ಡ್ಸ್, 225. ಜೇಬಿನ ಕ್ಯಾಮರಾಗಳಲ್ಲಿ ಬರುವ ಒಂದಂಗುಲದ ಬಿಲ್ಲೆ ಎಂಬುದು, ಹೆಸರು ಏನೇ ಇರಲಿ, 116 ಮಾತ್ರ. ಮೊಬೈಲಿನದು ಸಾಮಾನ್ಯವಾಗಿ ಅದಕ್ಕೂ ಚಿಕ್ಕದು. ಮಳೆಯಲ್ಲಿ ಪಾತ್ರೆ ಇಟ್ಟ ಹಾಗೆ: ಬಾಯಿ ಅಗಲವಿದ್ದ ಪಾತ್ರೆಗೆ ನೀರು ಹೆಚ್ಚು ಬೀಳುತ್ತದೆ. ನೀರು ಸಾಲದಾದಾಗ ಚಿತ್ರದ ಮೇಲೆ ರವೆ ಚೆಲ್ಲಿದ ಹಾಗೆ ಕಾಳುಕಾಳು ಕಾಣುತ್ತದೆ.

ಜೇಬಿನ ಕ್ಯಾಮರಾ ನಮ್ಮನ್ನು ಬಹಳ ದಿನ ಆಸೆಗೆ ಕೆಡವಿತ್ತು. 2012ರಲ್ಲಿ ಮೊದಲು ಬಂದ ಸೋನಿ ಆರ್‌ಎಕ್ಸ್ 100ರ ತೂಕ ಬ್ಯಾಟರಿ ಸೇರಿ 240 ಗ್ರಾಂ. ಅಂಗಿಯ ಜೇಬಿನಲ್ಲಿ ಕೂರುತ್ತದೆ. ನಮ್ಮ ಗುಮಾಸ್ತರ ಬಳಿ ಒಂದು ಇದೆ. ಇಂದು ಮೇಜಿನ ಮೇಲೆ ಇಟ್ಟಿದ್ದೇವೆ. ಒಬ್ಬನೇ ತನಗಾಗಿ ಕೊಳ್ಳುವುದಾದರೆ ಇದನ್ನು ಹಿಂಜರಿಯದೆ ಕೊಳ್ಳಬಹುದು. ಸಂಘಕ್ಕೆ ಏಕೆ ಬೇಡವೆಂದೆವು ಎಂದರೆ, ಅಗಲ ನೋಟದಲ್ಲಿ ಅದರ ಲೆನ್ಸು ಎಫ್ 1.8ರಷ್ಟು ತೆರೆದುಕೊಂಡರೂ ಮುಖವನ್ನು ಹತ್ತಿರಕ್ಕೆ ಎಳೆಯುವಾಗ ಎಫ್ 4.9ಕ್ಕೆ ಮುಚ್ಚಿಕೊಳ್ಳುತ್ತದೆ. ನಮಗೆ ಬೇಕಾದುದು ಮುಖ. ಲೆನ್ಸನ್ನು ಬದಲಿಸಲೂ ಬರುವುದಿಲ್ಲ.

ಈ ಎಫ್ ಸಂಖ್ಯೆಯನ್ನು ಅರ್ಥ ಮಾಡಿಕೊಂಡರೆ ಕ್ಯಾಮರಾ ಕೊಳ್ಳುವ ಕೆಲಸ ಅರ್ಧ ಮುಗಿದ ಹಾಗೆ. ನಾವು ಒಂದು ತಿಂಗಳು ಇದನ್ನು ತಿಳಿಯದೆ ಅಲೆದೆವು. ಲೆನ್ಸಿನೊಳಗೆ ಒಂದು ಕಿಂಡಿ ಇದೆ. ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಕ್ಯಾಮರಾದ ಜೊತೆಗೆ ಪೆಟ್ಟಿಗೆಯಲ್ಲಿ ಬರುವ ಸಣ್ಣ ಝೂಮ್ ಲೆನ್ಸು, ಮುಖವನ್ನು ಹತ್ತಿರ ತರುವ ತುದಿಯಲ್ಲಿ ಸಾಮಾನ್ಯವಾಗಿ ಎಫ್ 5.6 ಅಥವಾ 6.3. ಬೇರೆಯಾಗಿ ಕೊಳ್ಳುವ 50 ಮಿಲಿಮೀಟರಿನ ಸಾದಾ ಲೆನ್ಸು ಎಫ್ 1.8. ಒಂದರಿಂದ ಇನ್ನೊಂದನ್ನು ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ ನೋಡಿ: 5.6ಕ್ಕೂ 1.8ಕ್ಕೂ ಬೆಳಕಿನಲ್ಲಿ ಹತ್ತಿರ ಹತ್ತಿರ ಹತ್ತು ಪಟ್ಟು ಅಂತರ, 6.3ಕ್ಕೆ ಹನ್ನೆರಡು ಪಟ್ಟು. ಧೀಂಗಿಣ ಹಾಕುವವನ ಕಿರೀಟ ಮಸುಕಾಗದಿರಬೇಕಾದರೆ ಶಟರು ಸೆಕೆಂಡಿನ 250ನೆಯ ಒಂದು ಭಾಗವಾದರೂ ಚುರುಕಾಗಿರಬೇಕು. ಅಷ್ಟು ಕ್ಷಣದಲ್ಲಿ ಸಾಕಷ್ಟು ಬೆಳಕು ಒಳಗೆ ಬರಬೇಕಾದರೆ ದೊಡ್ಡ ಕಿಂಡಿ ಬೇಕು. ಇದನ್ನು ಹೊಸ ಡಬ್ಬಿ ಕೊಡುವುದಿಲ್ಲ, ಹೆಚ್ಚು ಮೆಗಾಪಿಕ್ಸೆಲ್ ಕೊಡುವುದಿಲ್ಲ, ಲೆನ್ಸು ಕೊಡುತ್ತದೆ. ಅಂಗಡಿಯವರು ಮಾತ್ರ ನಮಗೆ ಮೆಗಾಪಿಕ್ಸೆಲಿನ ಲೆಕ್ಕವನ್ನೇ ಹೇಳುತ್ತಿದ್ದರು.

ಇದೇ ಬುದ್ಧಿಯನ್ನು ಬಹಳ ಹಿಂದೆ ಉಪಯೋಗಿಸಿದವರು ಜಪಾನಿನ ಯೋಶಿಹಿಸಾ ಮೈತಾನಿ. 1956ರಲ್ಲಿ ಒಲಿಂಪಸ್ ಕಂಪನಿ ಸೇರಿದ ತರುಣ ಎಂಜಿನಿಯರು. 6,000 ಯೆನ್ನಿಗೆ ಮಾರುವಂಥ ಕ್ಯಾಮರಾವೊಂದನ್ನು ಮಾಡುವ ಹಟ ಅವರದು. ಅವರು ಒಳ್ಳೆಯ ಲೆನ್ಸಿಗೆ ಮೊದಲು ಹಣ ತೆಗೆದಿಟ್ಟರು. ಉಳಿದ ಹಣದಲ್ಲಿ ಡಬ್ಬಿ ಹೇಗೆ ಆಗುತ್ತದೋ ಹಾಗೆ ಸರಳವಾಗಿ ಮಾಡಿದರು. ಬಾರ್ನಾಕ್ ಎರಡು ಮಾಡಿದ ಚೌಕವನ್ನು ಇವರು ಮತ್ತೆ ಅರ್ಧ ಮಾಡಿದರು. 36 ಚಿತ್ರಗಳ ರೋಲಿನಲ್ಲಿ 72 ಚಿತ್ರ! 1959ರಲ್ಲಿ ಬಂದ ಆ ಒಲಿಂಪಸ್ ಪೆನ್ ಸಾಮಾನ್ಯ ಜನರ ಕೈಗೆ ಕ್ಯಾಮರಾ ಕೊಟ್ಟಿತು. ನಮ್ಮ ದೇಶದಲ್ಲಿ ಅಂಥ ಕೆಲಸ ಮಾಡಿದ್ದು ಬರೋಡಾದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ 3. ಇಲ್ಲಿರುವ ಹಿರಿಯರಲ್ಲಿ ಕೆಲವರ ಮದುವೆಯ ಚಿತ್ರ ಅದರಿಂದಲೇ ತೆಗೆದದ್ದಿರಬೇಕು. ಒಂದು ರೋಲಿಗೆ ಹನ್ನೆರಡೇ ಚಿತ್ರ. ಹನ್ನೆರಡನ್ನೂ ಯೋಚಿಸಿ ತೆಗೆಯುತ್ತಿದ್ದರು.

ಒಲಿಂಪಸ್ ಮತ್ತು ಪ್ಯಾನಸಾನಿಕ್ ಕಂಪನಿಗಳು 2008ರಲ್ಲಿ ಆರಂಭಿಸಿದ ಮೈಕ್ರೋ ಫೋರ್ ಥರ್ಡ್ಸ್ ಪದ್ಧತಿಯೂ ತೂಕದ ದೃಷ್ಟಿಯಿಂದ ಬಹಳ ಸೊಗಸು. ಅದರ 45 ಮಿಲಿಮೀಟರ್ ಎಫ್ 1.8 ಲೆನ್ಸಿನ ತೂಕ ಕೇವಲ 116 ಗ್ರಾಂ, ಎರಡು ಕೋಳಿಮೊಟ್ಟೆಯಷ್ಟು. ಆದರೆ ಒಲಿಂಪಸ್ ಕಂಪನಿ ತನ್ನ ಕ್ಯಾಮರಾ ವ್ಯವಹಾರವನ್ನು 2021ರಲ್ಲಿ ಬೇರೆ ಕಂಪನಿಗೆ ಬಿಟ್ಟುಕೊಟ್ಟಿದೆ. ನಾವು ತಿರುಗಿದ ಅಂಗಡಿಗಳಲ್ಲಿ ಈ ಲೆನ್ಸುಗಳು ಕೇಳಿದ ಕೂಡಲೇ ಸಿಗಲಿಲ್ಲ. ಸಂಘದ ವಸ್ತು ಹತ್ತು ವರ್ಷ ಬಾಳಬೇಕು. ಬಿಟ್ಟೆವು, ಬೇಸರದಿಂದಲೇ ಬಿಟ್ಟೆವು.

ಉಳಿದದ್ದು ಎಪಿಎಸ್-ಸಿ ಬಿಲ್ಲೆಯ ಮಿರರ್‌ಲೆಸ್. ಇದರಲ್ಲಿಯೂ ಕಣ್ಣಿಗೆ ಹಚ್ಚಿ ನೋಡುವ ಕಿಂಡಿ, ಅಂದರೆ ವ್ಯೂಫೈಂಡರ್, ಇರಲೇಬೇಕೆಂದು ಮೂವರೂ ಒಪ್ಪಿದ್ದೇವೆ. ನಿಕಾನ್ ಝಡ್ 30, ಸೋನಿ ಝಡ್‌ವಿ-ಇ10 ಎಂಬವು ಹಗುರವಾಗಿವೆ, ಹೆಸರುವಾಸಿಯೂ ಹೌದು. ಆದರೆ ಅವಕ್ಕೆ ಈ ಕಿಂಡಿ ಇಲ್ಲ. ಚಲಚ್ಚಿತ್ರ ತೆಗೆಯುವ ಯುವಕರಿಗೆ ಅವು ಸರಿ. ಮಧ್ಯಾಹ್ನದ ಬಿಸಿಲಿನಲ್ಲಿ ಹಿಂದಿನ ಪರದೆ ಕಾಣಿಸುವುದಿಲ್ಲ. ಚಾಳೀಸು ಹಾಕಿದ ಕಣ್ಣಿಗೆ ನೆರಳಿನಲ್ಲಿಯೂ ಕಾಣಿಸುವುದಿಲ್ಲ. ಕಿಂಡಿಯ ಪಕ್ಕದ ಸಣ್ಣ ಚಕ್ರ ತಿರುಗಿಸಿದರೆ ಕನ್ನಡಕವಿಲ್ಲದೆಯೂ ಸ್ಪಷ್ಟವಾಗಿ ನೋಡಬಹುದೆಂಬುದನ್ನು ಕಂಡು ನಮ್ಮ ಫಿಟ್ಟರರು ಅಂಗಡಿಯಲ್ಲಿಯೇ ನಕ್ಕುಬಿಟ್ಟರು. ಕ್ಯಾಮರಾವನ್ನು ಹುಬ್ಬಿಗೆ ಒತ್ತಿ ಹಿಡಿದಾಗ ಕೈ ಅಲುಗುವುದೂ ಕಡಿಮೆ.

ಇಲ್ಲಿಗೆ ಬಂದು ನಮ್ಮಲ್ಲಿ ಎರಡು ಪಕ್ಷವಾಯಿತು.

ಗುಮಾಸ್ತರು ಹೊಸದನ್ನೇ ಕೊಳ್ಳಬೇಕೆನ್ನುತ್ತಾರೆ. ಅವರು ತೋರಿಸುವುದು 2023ರಲ್ಲಿ ಬಂದ ಕ್ಯಾನನ್ ಆರ್ 50. ಬ್ಯಾಟರಿ ಸಮೇತ 375 ಗ್ರಾಂ, ಜೊತೆಗೆ ಬರುವ 18-45 ಲೆನ್ಸು 130 ಗ್ರಾಂ, ಒಟ್ಟು 505. ಮುಖದ ಚಿತ್ರಗಳಿಗೆ 50 ಮಿಲಿಮೀಟರ್ ಎಫ್ 1.8 ಲೆನ್ಸು ಸೇರಿಸಿದರೆ ಇನ್ನೊಂದು 160. ಅಂದರೆ 665 ಗ್ರಾಂ. ಊಟದ ಡಬ್ಬಿಗಿಂತ ಹಗುರ. ಮುಖವನ್ನು, ಅದರಲ್ಲಿಯೂ ಕಣ್ಣನ್ನು ತಾನೇ ಹುಡುಕಿ ಫೋಕಸ್ ಮಾಡುತ್ತದೆ. ಕೈ ಪಳಗದವರಿಗೂ ಚಿತ್ರ ಬರುತ್ತದೆ. ಬಿಲ್ಲು ಇರುತ್ತದೆ, ಗ್ಯಾರಂಟಿ ಇರುತ್ತದೆ, ಲೆಕ್ಕಪರಿಶೋಧಕರು ಕೇಳಿದರೆ ತೋರಿಸಲು ಕಾಗದ ಇರುತ್ತದೆ. ತೊಂದರೆ ಏನೆಂದರೆ, ನಮಗೆ ಹೇಳಿದ ದರದಲ್ಲಿ ಡಬ್ಬಿ ಮತ್ತು ಜೊತೆಯ ಲೆನ್ಸು ಕೊಳ್ಳುವಾಗಲೇ ಹಣ ಬಹುಪಾಲು ಮುಗಿಯುತ್ತದೆ. ಎಫ್ 1.8 ಲೆನ್ಸು ಮುಂದಿನ ವರ್ಷದ ಯಕ್ಷಗಾನದ ಉಳಿತಾಯಕ್ಕೆ ಕಾಯಬೇಕು.

ಉಳಿದ ಇಬ್ಬರು ಹೇಳುವುದು ಹೀಗೆ: ಒಂದು ವರ್ಷ ಕಾಯಲು ನಮಗೆ ಸಮಯವಿದೆ, ಮುಂದಿನ ಸಾಲಿನಲ್ಲಿ ಕುಳಿತವರಿಗೆ ಇದೆಯೆ? ಸೋನಿ ಆಲ್ಫಾ 6000 ಎಂಬುದು 2014ರ ಕ್ಯಾಮರಾ. ಹಳೆಯದು, ಆದರೆ ಅಂದಿಗೆ ಬಹಳ ಜನ ಕೊಂಡದ್ದರಿಂದ ಸೆಕೆಂಡ್‌ಹ್ಯಾಂಡ್ ಚೆನ್ನಾಗಿರುವುದು ಸಿಗುತ್ತದೆ. 344 ಗ್ರಾಂ, ಜೊತೆಯ 16-50 ಲೆನ್ಸು 116, 50 ಮಿಲಿಮೀಟರ್ ಎಫ್ 1.8 ಲೆನ್ಸು 202. ಒಟ್ಟು 662 ಗ್ರಾಂ, ಹೊಸದಕ್ಕಿಂತ ಮೂರು ಗ್ರಾಂ ಕಡಿಮೆ! ಕಣ್ಣನ್ನು ಹುಡುಕುವ ಚಾತುರ್ಯದಲ್ಲಿ ಹೊಸದರ ಮುಂದೆ ಇದು ನಿಲ್ಲುವುದಿಲ್ಲ. ಆದರೆ ಎರಡು ಲೆನ್ಸೂ ಇಂದೇ ಕೈಗೆ ಬರುತ್ತವೆ, ಇನ್ನೊಂದು ಬ್ಯಾಟರಿ, ಕಾರ್ಡು, ಚಿತ್ರಗಳನ್ನು ಉಳಿಸಿಡುವ ಎರಡು ಡಿಸ್ಕು ಇವಕ್ಕೆಲ್ಲ ಹಣ ಮಿಗುತ್ತದೆ. ಇದು ಬಹುಮತದ ಅಭಿಪ್ರಾಯ. ಗುಮಾಸ್ತರು ಭಿನ್ನಮತವನ್ನು ಬರಹದಲ್ಲಿ ಕೊಟ್ಟಿದ್ದಾರೆ, ಫಲಕಕ್ಕೆ ಹಚ್ಚಿದ್ದೇವೆ.

ಸೆಕೆಂಡ್‌ಹ್ಯಾಂಡ್ ಎಂದೊಡನೆ ಕೆಲವರು ಹುಬ್ಬು ಗಂಟಿಕ್ಕಿದ್ದನ್ನು ಇಲ್ಲಿಂದ ನೋಡುತ್ತಿದ್ದೇವೆ. ಭಯ ಸುಳ್ಳಲ್ಲ. ಅದಕ್ಕೆಂದೇ ಪರೀಕ್ಷೆಯ ಕ್ರಮವನ್ನು ಕಲಿತುಕೊಂಡಿದ್ದೇವೆ. ಲೆನ್ಸನ್ನು ಕೈಯಲ್ಲಿ ಹಿಡಿದು, ಹಿಂದಿನಿಂದ ಬ್ಯಾಟರಿ ದೀಪ ಬಿಟ್ಟು, ಓರೆಯಾಗಿ ನೋಡಬೇಕು. ಜೇಡನ ಬಲೆಯಂತೆ ಎಳೆ ಎಳೆ ಕಂಡರೆ ಅದು ಬೂಷ್ಟು. ಬೆಲೆ ಎಷ್ಟೇ ಇಳಿಸಿದರೂ ಬೇಡ. ನಮ್ಮ ಕಪಾಟಿನ ಲೆನ್ಸಿನಲ್ಲಿ ಕಂಡದ್ದು ಇದೇ. ದುರಸ್ತಿಯವನು ತೆರೆದು ನೋಡಿ, ಗಾಜಿನ ಲೇಪವನ್ನೇ ತಿಂದುಬಿಟ್ಟಿದೆ, ಒರೆಸಿದರೂ ಕಲೆ ಹೋಗದು ಎಂದ. ಆಮೇಲೆ ಶಟರು ಇದುವರೆಗೆ ಎಷ್ಟು ಸಲ ತೆರೆದಿದೆ ಎಂಬ ಎಣಿಕೆಯನ್ನು ತೆಗೆಸಿ ನೋಡಬೇಕು. ಟ್ಯಾಕ್ಸಿ ಕೊಳ್ಳುವವನು ಎಷ್ಟು ಕಿಲೋಮೀಟರ್ ಓಡಿದೆ ಎಂದು ಕೇಳುವುದಿಲ್ಲವೆ, ಹಾಗೆ. ಬಿಳಿಯ ಗೋಡೆಯ ಚಿತ್ರವೊಂದನ್ನು ಕಿಂಡಿ ಚಿಕ್ಕದು ಮಾಡಿ ತೆಗೆದರೆ ಬಿಲ್ಲೆಯ ಮೇಲಿನ ಧೂಳು ಕಪ್ಪು ಚುಕ್ಕೆಯಾಗಿ ಕಾಣುತ್ತದೆ. ಝೂಮನ್ನು ಹಿಂದೆ ಮುಂದೆ ಓಡಿಸಿ, ಎಲ್ಲ ಗುಂಡಿಗಳನ್ನೂ ಒತ್ತಿ, ಕಾರ್ಡು ಹಾಕಿ ತೆಗೆದು ನೋಡಬೇಕು. ಬಿಲ್ಲಿಲ್ಲದ ವಸ್ತು ಬೇಡ. ನಮ್ಮಲ್ಲೊಬ್ಬರು ವರ್ಷದ ಹಿಂದೆ ಬೇರೆ ಕಡೆ ಅಗ್ಗದ ಆಸೆಗೆ ಬಿಲ್ಲಿಲ್ಲದೆ ಒಂದು ಲೆನ್ಸು ಕೊಂಡು, ಮೂರನೆಯ ದಿನ ಅದು ಕೆಟ್ಟು, ಅಂಗಡಿಯವನು ಗುರುತೇ ಇಲ್ಲದವನಂತೆ ಮಾತನಾಡಿದ್ದುಂಟು. ಯಾರೆಂದು ಹೇಳುವುದಿಲ್ಲ, ಅವರು ಈಗ ಭಾಷಣ ಮಾಡುತ್ತಿದ್ದಾರೆ.

ಯಾವುದನ್ನೇ ಕೊಂಡರೂ ಮುಂಬಯಿಯ ಮಳೆಗಾಲದಿಂದ ಅದನ್ನು ಉಳಿಸಿಕೊಳ್ಳದಿದ್ದರೆ ಎಲ್ಲವೂ ವ್ಯರ್ಥ. ಜೂನಿನಿಂದ ಸೆಪ್ಟೆಂಬರಿನವರೆಗೆ ನಮ್ಮ ಗೋಡೆಗಳೇ ಬೆವರುತ್ತವೆ. ತೊಗಲಿನ ಚೀಲದಲ್ಲಿ, ಮುಚ್ಚಿದ ಕಪಾಟಿನಲ್ಲಿ ಇಡುವುದು ಬೂಷ್ಟಿಗೆ ಹಾಸಿಗೆ ಹಾಸಿದಂತೆ. ಗಾಳಿಯಾಡದಂತೆ ಮುಚ್ಚಳ ಕೂರುವ ದೊಡ್ಡ ಪ್ಲಾಸ್ಟಿಕ್ ಡಬ್ಬಿ, ಅದರೊಳಗೆ ಸಿಲಿಕಾ ಜೆಲ್ಲಿನ ಪೊಟ್ಟಣಗಳು, ತೇವ ತೋರಿಸುವ ಸಣ್ಣದೊಂದು ಮಾಪಕ. ಮುಳ್ಳು ನಲವತ್ತರಿಂದ ಐವತ್ತರ ನಡುವೆ ಇರಬೇಕು. ಹರಳುಗಳ ಬಣ್ಣ ಬದಲಾದರೆ ತೇವ ಹೀರಿ ಸಾಕಾಯಿತೆಂದು ಅರ್ಥ. ಒಣಗಿಸಿ ಮತ್ತೆ ಬಳಸಬಹುದು. ತಾಯಂದಿರು ಗಮನಿಸಬೇಕು, ಅಡುಗೆಯ ಬಾಣಲೆಯಲ್ಲಿ ಒಣಗಿಸಬಾರದು. ಬಣ್ಣಕ್ಕೆ ಸೇರಿಸುವ ಲವಣ ವಿಷ. ಎಲ್ಲಕ್ಕಿಂತ ಒಳ್ಳೆಯದು ಕ್ಯಾಮರಾ ವಾರಕ್ಕೊಮ್ಮೆ ಹೊರಗೆ ಬಂದು ಬೆಳಕು ನೋಡುವುದು. ಹಗುರವಾಗಿದ್ದರೆ ಅದು ತಾನಾಗಿಯೇ ಹೊರಗೆ ಬರುತ್ತದೆ.

ಇನ್ನೊಂದು ಆಕ್ಷೇಪ ಬಂದಿತ್ತು: ದೂರದ್ದನ್ನು ಎಳೆಯುವ ದೊಡ್ಡ ಝೂಮ್ ಇಲ್ಲದೆ ಹೇಗೆ? ಪೂರ್ಣಚಂದ್ರ ತೇಜಸ್ವಿಯವರಂತೆ ಮೂಡಿಗೆರೆಯ ಕಾಡಿನಲ್ಲಿ ಹಕ್ಕಿಗಳ ಬೆನ್ನು ಹತ್ತುವವರಿಗೆ ಉದ್ದ ಲೆನ್ಸು ಬೇಕೇ ಬೇಕು, ಹಕ್ಕಿ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ನಮ್ಮ ಹಿರಿಯರು ಹಾಗಲ್ಲ. ಹೋಗಿ ಪಕ್ಕದಲ್ಲಿ ಕೂರಬಹುದು, ಒಂದು ಲೋಟ ಚಹಾ ಕುಡಿಯಬಹುದು. ಯಕ್ಷಗಾನಕ್ಕೆ ಮುಂದಿನ ಸಾಲಿನಲ್ಲಿ ಒಂದು ಕುರ್ಚಿಯನ್ನು ಕ್ಯಾಮರಾದವನಿಗೆ ಬಿಡಬೇಕೆಂದು ವ್ಯವಸ್ಥಾಪಕರಲ್ಲಿ ಅರಿಕೆ ಮಾಡಿದ್ದೇವೆ.

ಚಿತ್ರ ತೆಗೆಯುವವರಿಗೆ ಎರಡೇ ಸೂಚನೆ. ಟ್ಯೂಬ್‌ಲೈಟು, ಎಲ್‌ಇಡಿ ದೀಪಗಳು ನಮ್ಮ 50 ಸೈಕಲಿನ ವಿದ್ಯುತ್ತಿನಲ್ಲಿ ಕಣ್ಣಿಗೆ ಕಾಣದಂತೆ ಸೆಕೆಂಡಿಗೆ ನೂರು ಸಲ ಮಿಣುಕುತ್ತವೆ. ಸಭೆಯ ಚಿತ್ರಗಳಿಗೆ ಶಟರನ್ನು ನೂರನೆಯ ಒಂದು ಭಾಗಕ್ಕೆ ಇಟ್ಟರೆ ಪಟ್ಟೆಪಟ್ಟೆಯಾಗಿ ಬರುವುದು ತಪ್ಪುತ್ತದೆ. ಎರಡನೆಯದು, ಚಿತ್ರದಲ್ಲಿರುವವರ ಹೆಸರು, ಊರು, ದಿನಾಂಕವನ್ನು ಅಂದೇ ವಹಿಯಲ್ಲಿ ಬರೆಯಬೇಕು. ಚಿತ್ರಗಳ ಒಂದು ಪ್ರತಿ ಸಂಘದಲ್ಲಿ, ಇನ್ನೊಂದು ಕಾರ್ಯದರ್ಶಿಗಳ ಮನೆಯಲ್ಲಿ. 2005ರ ಜುಲೈ 26ರ ಮಳೆಯಲ್ಲಿ ಕೆಳಗಿನ ಕಪಾಟಿನ ಕಾಗದಗಳೆಲ್ಲ ನೀರುಪಾಲಾದದ್ದನ್ನು ಯಾರೂ ಮರೆತಿರಲಾರರು.

ಯಾವ ಕ್ಯಾಮರಾ ಎಂಬುದನ್ನು ಸಭೆ ತೀರ್ಮಾನಿಸಲಿ. ಮೇಜಿನ ಮೇಲೆ ಮೂರು ಇಟ್ಟಿದ್ದೇವೆ: ಗುಮಾಸ್ತರ ಜೇಬಿನದು, ಸದಸ್ಯರೊಬ್ಬರ ಅಳಿಯನಿಂದ ಎರವಲು ತಂದ ಆರ್ 50, ಅಂಗಡಿಯವರು ನಮ್ಮನ್ನು ನಂಬಿ ಎರಡು ದಿನಕ್ಕೆ ಕೊಟ್ಟ ಆಲ್ಫಾ 6000. ಪಕ್ಕದಲ್ಲಿ ಕಪಾಟಿನ ಹಳೆಯದೂ ಇದೆ, ಕಿರಾಣಿ ಅಂಗಡಿಯ ತಕ್ಕಡಿಯೂ ಇದೆ. ಕೈ ಎತ್ತುವ ಮೊದಲು ಒಂದೊಂದನ್ನೇ ಎತ್ತಿ ನೋಡಿ. ಕುತ್ತಿಗೆಗೆ ಹಾಕಿಕೊಂಡು ಕೋಣೆಯಲ್ಲಿ ನಾಲ್ಕು ಹೆಜ್ಜೆ ಓಡಾಡಿ. ಮಕ್ಕಳ ಕೈಗೆ ಕೊಡುವಾಗ ಪಟ್ಟಿಯನ್ನು ಮೊದಲು ಕೊರಳಿಗೆ ಹಾಕಿ ಆಮೇಲೆ ಕೊಡಿ. ಆಲ್ಫಾವನ್ನು ಸೋಮವಾರ ಹನ್ನೊಂದಕ್ಕೆ ಅಂಗಡಿಗೆ ಮರಳಿಸಬೇಕಾಗಿದೆ. ಅದರಲ್ಲಿ ಕಾರ್ಡು ಹಾಕಿದ್ದೇವೆ, ಬ್ಯಾಟರಿ ತುಂಬಿದೆ. ಮುಂದಿನ ಸಾಲಿನ ನಾಲ್ವರು ದಯವಿಟ್ಟು ಸಭೆ ಮುಗಿದ ಮೇಲೆ ಹತ್ತು ನಿಮಿಷ ಕಿಟಕಿಯ ಬಳಿ ಕೂರಬೇಕಾಗಿ ವಿನಂತಿ.